ಐದರ ಮೇಲಿನ ಚುಕ್ಕೆ

ನಾನು ಒಂದು ಗುಂಡಿ ಫೋನು. ಹುಟ್ಟಿದ್ದು ದೂರದ ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ. ಯಾರೋ ಹೆಣ್ಣುಮಗಳು ನನ್ನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಐದರ ಮೇಲೆ ಬೆರಳನ್ನು ಕೊಂಚ ಹೆಚ್ಚು ಹೊತ್ತು ಇಟ್ಟಳು. ಅಲ್ಲಿ ಸಾಸಿವೆಕಾಳಿಗಿಂತ ಚಿಕ್ಕದೊಂದು ಚುಕ್ಕೆ ಉಬ್ಬಿಕೊಂಡಿತ್ತು. ಮುಖದ ಮೇಲೆ ಮೊಡವೆ ಹೊತ್ತುಕೊಂಡೇ ಹುಟ್ಟಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ನನ್ನನ್ನು ಮೊದಲು ಕೊಂಡವರು ನರಗುಂದದ ಮೆಣಸಿನಕಾಯಿ ವ್ಯಾಪಾರಿ ರುದ್ರಗೌಡರು. ಅವರ ಗಂಟಲಿಗೆ ನಿಜವಾಗಿ ಫೋನೇ ಬೇಕಿರಲಿಲ್ಲ, ಕೂಗಿದರೆ ಪಕ್ಕದ ಊರಿಗೆ ಕೇಳುತ್ತಿತ್ತು. ಸಿಟ್ಟು ಬಂದರೆ ನನ್ನನ್ನು ನೆಲಕ್ಕೆ ಅಪ್ಪಳಿಸುತ್ತಿದ್ದರು. ಬ್ಯಾಟರಿ ಒಂದು ಕಡೆ, ಬೆನ್ನಿನ ಮುಚ್ಚಳ ಇನ್ನೊಂದು ಕಡೆ. ಹೆಕ್ಕಿ ಜೋಡಿಸಿದರೆ ಏನೂ ಆಗದವನಂತೆ ಮತ್ತೆ ರಿಂಗಣಿಸುತ್ತಿದ್ದೆ. ರಣಬಿಸಿಲಿನಲ್ಲೂ ನನ್ನ ಮುಖ ನೋಡಲು ಯಾರೂ ಅಂಗೈ ಮರೆ ಮಾಡಬೇಕಿರಲಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಸಂತೆಯಿಂದ ಸಂತೆಗೆ ಬಾಳುತ್ತಿದ್ದೆ. ಆದರೂ ಗೌಡರು ಅಗಲ ಗಾಜಿನ ಸ್ಮಾರ್ಟ್‌ಫೋನ್ ಕೊಂಡು, ನನ್ನನ್ನು ತಮ್ಮ ಹಾರ್ಮೋನಿಯಂ ಗುರುಗಳಾದ ಮಹಾಲಿಂಗಯ್ಯ ಮಾಸ್ತರರಿಗೆ ಕೊಟ್ಟುಬಿಟ್ಟರು.

ಮಾಸ್ತರರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಅವರ ಹೆಬ್ಬೆರಳು ನನ್ನ ಮೈಮೇಲೆಲ್ಲ ಮೆಲ್ಲಗೆ ಓಡಾಡಿ ಐದರ ಚುಕ್ಕೆಯ ಮೇಲೆ ನಿಂತಿತು.

"ಅರೆ, ಇಲ್ಲೇ ಐತಲ್ಲ ಪಂಚಮ!" ಎಂದು ಅವರು ನಕ್ಕರು. "ನೀಲಾ, ಬಾ ಇಲ್ಲಿ. ಇದು ಫೋನಲ್ಲ, ಸಣ್ಣ ಪೆಟಗಿ ಐತಿ."

ಪೆಟಗಿ ಎಂದರೆ ಅವರ ಮಾತಿನಲ್ಲಿ ಹಾರ್ಮೋನಿಯಂ. ಒಂದು ಎಂದರೆ ಸ, ಎರಡು ರಿ, ಮೂರು ಗ. ಹೀಗೆ ಐದಕ್ಕೆ ಬಂದರೆ ಪ, ಅಂದರೆ ಪಂಚಮ. ಯಾವ ರಾಗದಲ್ಲಿಯೂ ಕದಲದ ಸ್ವರ ಅದು. ಎಂಟು, ಒಂಬತ್ತು ಮೇಲಿನ ಸ, ರಿ. ಸೊನ್ನೆ ಬಂದರೆ ಉಸಿರು ಬಿಡುವ ಜಾಗ. ಊರಿನವರ ನಂಬರುಗಳನ್ನೆಲ್ಲ ಅವರು ಹೀಗೆ ಹಾಡಾಗಿ ನೆನಪಿಟ್ಟಿದ್ದರು. ನನ್ನ ಒಂದೊಂದು ಗುಂಡಿಗೂ ಬೇರೆ ಬೇರೆ ದನಿಯಿದೆ ಎಂಬುದು ನನಗೇ ತಿಳಿದಿರಲಿಲ್ಲ. ಅವರ ಬೆರಳು ನೋಡಿ ನಾನು ಬೆರಗಾದೆ. ಆ ಬೆರಗು ಇಂದಿಗೂ ಇಳಿದಿಲ್ಲ.

ಅವರ ಹೆಂಡತಿ ನೀಲಮ್ಮನಿಗೆ ನನ್ನ ನೆತ್ತಿಯ ಬ್ಯಾಟರಿ ದೀಪದ ಮೇಲೆ ಪ್ರೀತಿ. ಸಂಜೆ ನನ್ನೊಳಗಿನ ರೇಡಿಯೋ ಹಚ್ಚಿ ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದರು. ಅದಕ್ಕೆ ನೆಟ್ಟೂ ಬೇಕಿರಲಿಲ್ಲ, ಗಿಟ್ಟೂ ಬೇಕಿರಲಿಲ್ಲ.

ಹೀಗಿರುವಾಗ ಶಿಷ್ಯರೆಲ್ಲ ಸೇರಿ ಮಾಸ್ತರರಿಗೆ ಸನ್ಮಾನ ಮಾಡಿದರು. ಶಾಲು ಹೊದಿಸಿ, ಕೈಗೊಂದು ಹೊಸ ಸ್ಮಾರ್ಟ್‌ಫೋನ್ ಇಟ್ಟರು. ಅದು ಮಾತನಾಡುತ್ತಿತ್ತು, ಜಾಣೆಯೇ ಸರಿ. ಆದರೆ ಅದರ ಮುಖವೆಲ್ಲ ನುಣುಪು. ಮಾಸ್ತರರ ಹೆಬ್ಬೆರಳು ಎಲ್ಲಿಯೂ ನಿಲ್ಲದೆ ಜಾರುತ್ತಿತ್ತು. ಶಿಷ್ಯರ ಮನಸ್ಸು ನೋಯಬಾರದೆಂದು ಅವರು ಅದನ್ನೇ ಬಳಸತೊಡಗಿದರು. ಹೊಸದಕ್ಕೆ ಹೊಸ ನಂಬರು ಬಂದಿತ್ತು, ಹಳೆಯ ಸಿಮ್ಮು ನನ್ನಲ್ಲೇ ಉಳಿಯಿತು. ನೀಲಮ್ಮ ನನ್ನ ಬ್ಯಾಟರಿ ಬಿಚ್ಚಿ, ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಹಾರ್ಮೋನಿಯಂ ಪೆಟ್ಟಿಗೆಯ ಮೂಲೆಯಲ್ಲಿಟ್ಟಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಕೆಲವೇ ದಿನಗಳಲ್ಲಿ ಸಂತೆಯ ದಿನ ಬಂತು. ಅಂದು ನನಗೆ ಜೀವ ಬರುವ ಮೊದಲು ನಡೆದದ್ದನ್ನು ಆಮೇಲೆ ಮಾಸ್ತರರ ಬಾಯಲ್ಲೇ ಕೇಳಿದೆ. ನಡುಮಧ್ಯಾಹ್ನ, ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಡುಗೆಮನೆಯಲ್ಲಿ ಕೊಡ ಉರುಳಿದ ಸದ್ದಾಯಿತು, ಅದರ ಬೆನ್ನಿಗೇ ನೀಲಮ್ಮ ಬಿದ್ದ ಸದ್ದು. ಸಕ್ಕರೆ ಕಾಯಿಲೆಯ ಜೀವ, ಅಂದು ಹೊತ್ತಿಗೆ ಸರಿಯಾಗಿ ಉಂಡಿರಲಿಲ್ಲ.

"ನೀಲಾ! ಏ ನೀಲಾ!"

ಮಾಸ್ತರರು ನೀರಿನಲ್ಲೇ ತಡವರಿಸುತ್ತ ಹೋಗಿ ಅವಳ ಕೈ ಹಿಡಿದರು, ತಣ್ಣಗಿತ್ತು. ಹೊಸ ಫೋನ್ ಎತ್ತಿಕೊಂಡರು. ಒದ್ದೆ ಬೆರಳು, ಒದ್ದೆ ಗಾಜು. ಒತ್ತಿದ್ದೊಂದು, ಅದಕ್ಕೆ ತಿಳಿದದ್ದೊಂದು. ಕೂಗಿ ಓಣಿಯನ್ನು ಕರೆದರು. ಓಣಿ ಸಂತೆಗೆ ಹೋಗಿತ್ತು.

ಆಗ ಹಾರ್ಮೋನಿಯಂ ಪೆಟ್ಟಿಗೆ ತೆರೆಯಿತು. ಮಾಸ್ತರರ ಕೈಗಳು ಬ್ಯಾಟರಿ ಕೂರಿಸಿ ಮುಚ್ಚಳ ಒತ್ತಿದವು. ನನಗೆ ಮತ್ತೆ ಜೀವ ಬಂತು. ಆಟೋ ಖಾದರಸಾಬನ ನಂಬರು ಮೇಲಿನ ರಿಯಿಂದ ಇಳಿದು ಪಂಚಮದಲ್ಲಿ ನಿಲ್ಲುವ ಹಾಡು. ಮಾಸ್ತರರು ಗುನುಗುತ್ತಲೇ ಒತ್ತತೊಡಗಿದರು. ಗಡಿಬಿಡಿಯಲ್ಲಿ ಒಂದು ಗುಂಡಿ ತಪ್ಪಿತು. ನನ್ನ ದನಿ ಕೇಳಿದ್ದೇ ಬೆರಳು ನಿಂತಿತು.

"ಥೂ, ಅಪಸ್ವರ!"

ಹೆಂಡತಿಯ ಜೀವ ಹೋಗುವ ಹೊತ್ತಿನಲ್ಲೂ ಆ ಕಿವಿ ಸ್ವರ ಬಿಡಲಿಲ್ಲವಲ್ಲ! ಎಲ್ಲ ಅಳಿಸಿದರು. ಹೆಬ್ಬೆರಳು ನನ್ನ ಚುಕ್ಕೆಯನ್ನು ಹುಡುಕಿ ಹಿಡಿಯಿತು, ಅಲ್ಲಿಂದ ಮತ್ತೆ ಹೊರಟಿತು. ನಾನು ಮೊಡವೆಯೆಂದು ನಾಚಿದ್ದ ಆ ಚುಕ್ಕೆಯೇ ಆಗ ಅವರಿಗಿದ್ದ ಆಧಾರ.

"ಖಾದರ್, ಲಗೂ ಬಾರಪಾ. ನೀಲಾ ಬಿದ್ದಾಳ."

"ಹೊಂಟೇನ್ರಿ ಮಾಸ್ತರ, ಬಂದೆ!"

ಆಟೋ ಬಂತು, ದವಾಖಾನೆ ಮುಟ್ಟಿತು, ನೀಲಮ್ಮ ಸಂಜೆಗೆ ಎದ್ದು ಕೂತಳು. ಎದ್ದವಳೇ ಗಂಡನ ಮೇಲೆ ಹರಿಹಾಯ್ದಳು.

"ಅರಬರಿ ಎಚ್ಚರಿತ್ತು ನನಗ. ಹೇಣ್ತಿ ಸಾಯಾಕತ್ತಾಳ, ಈ ಮನಷ್ಯಾ ಹಾಡಾಕತ್ತಾನ ಅಂತ ಎಂಥಾ ಸಿಟ್ಟು ಬಂದಿತ್ತು!"

ಮಾಸ್ತರರು ನಕ್ಕರು, ನಗುತ್ತಲೇ ಅತ್ತರು. ನಾನು ಅವರ ಅಂಗೈಯಲ್ಲಿದ್ದೆ, ಕಣ್ಣೀರು ನನ್ನ ಮೇಲೆಯೇ ಬಿತ್ತು.

ಈಗ ನನಗೆ ಮುಪ್ಪು. ಅವರ ಜೇಬೇ ನನ್ನ ಮನೆ. ಮೊನ್ನೆ ರಿಪೇರಿ ಅಂಗಡಿಯವನು ನನ್ನನ್ನು ತಿರುಗಿಸಿ ನೋಡಿ, "ಇದನ್ನ ಒಗದಬಿಡ್ರಿ ಮಾಸ್ತರ. ಗುಂಡಿ ಮ್ಯಾಲಿನ ಅಂಕಿ ಒಂದೂ ಉಳಿದಿಲ್ಲ, ಎಲ್ಲಾ ಸವದು ಹೋಗ್ಯಾವ," ಎಂದ.

ಮಾಸ್ತರರು ನನ್ನನ್ನು ಈಸಿಕೊಂಡು ಐದರ ಮೇಲೆ ಬೆರಳಿಟ್ಟರು.

"ಹೌದೇನು?" ಎಂದರು, ನಿಜವಾಗಿಯೂ ಅಚ್ಚರಿಪಟ್ಟು. "ಅದರ ಮ್ಯಾಲ ಅಂಕಿನೂ ಇದ್ವೇನು?"