ಎಡಗಡೆಯ ಗಂಟು

"ಬಲಗಡೆದು ಕರಗ್ತಾ ಇದೆ ಕಣ್ರೀ. ಎಡಗಡೆದು ಮಾತ್ರ ಬೆಳೀತಾನೇ ಇದೆ," ಎಂದಳು ಹೆಂಡತಿ, ಗಂಡ ಕೆಂಡಜ್ಜನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಕೈ ನಿಲ್ಲಿಸಿ.

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹೊರುವವರಿಗೆಲ್ಲ ಹೆಗಲ ಮೇಲೆ ಗಂಟು ಬರುತ್ತದೆ. ಕುಕ್ಕೆಯ ಅಂಚು ಒತ್ತಿ ಒತ್ತಿ ಚರ್ಮ ದಪ್ಪಗಟ್ಟಿ ಏಳುವ ಗಂಟು. ಅದಿಲ್ಲದವನನ್ನು ಅಲ್ಲಿ ಆಳೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೈಯಲ್ಲಿ ಕಸುವು ಕುಂದಿತೆಂದು ಕೆಂಡಜ್ಜ ಹೊರುವುದನ್ನು ಬಿಟ್ಟು ಬೆಂಕಿ ಕಾಯಲು ಕುಳಿತ. ಆಮೇಲೆ ಎಡಗಡೆ ಕತ್ತಿನ ಬುಡದಲ್ಲಿ ಎರಡನೆಯ ಗಂಟು ಎದ್ದಿತು. ಜೊತೆಗಾರ ಕುಳ್ಳ ಅದನ್ನು ಮುಟ್ಟಿ, "ನಮ್ಮಜ್ಜಂಗೆ ಜೋಡಿ ಗಂಟು! ಗಾಡಿ ಎತ್ತಿಗೂ ಇಲ್ಲ ಈ ಭಾಗ್ಯ," ಎಂದು ಎಲ್ಲರನ್ನೂ ನಗಿಸಿದ್ದ. ಸುಸ್ತಿಗೆ ವಯಸ್ಸು ಕಾರಣ, ಗಂಟಿಗೆ ಕುಕ್ಕೆ. ಎರಡಕ್ಕೂ ಹೆಸರು ಸಿಕ್ಕಿದ ಮೇಲೆ ಹೆದರುವುದೇನಿತ್ತು?

"ಎಡ ಹೆಗಲಲ್ಲಿ ನೀವು ಯಾವತ್ತು ಹೊತ್ತಿದ್ದೀರಿ?" ಎಂದಳು ಹೆಂಡತಿ.

ಅವನ ಕೈ ತಾನಾಗಿ ಬಲ ಹೆಗಲಿಗೆ ಹೋಯಿತು.

ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕುರ್ಚಿಯನ್ನು ಕೆಂಡಜ್ಜನ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

"ಕ್ಯಾನ್ಸರ್ ಅಜ್ಜ. ಹೊಟ್ಟೇಲಿ ಹುಟ್ಟಿ ಇಲ್ಲಿವರೆಗೆ ಬಂದಿದೆ."

"ವಯಸ್ಸಾಯ್ತು, ಅದಕ್ಕೇ ಸುಸ್ತು ಅಂದ್ಕೊಂಡಿದ್ದೆ ತಾಯಿ."

"ವಯಸ್ಸೂ ಹೌದು. ಮೈಯ ಒಂದೊಂದು ಕಣದಲ್ಲೂ ಪುಟ್ಟ ಪುಟ್ಟ ಒಲೆಗಳಿವೆ, ಮೈಟೋಕಾಂಡ್ರಿಯ ಅಂತಾರೆ. ಉಂಡಿದ್ದನ್ನ ಉಸಿರಿನ ಗಾಳೀಲಿ ಸುಟ್ಟು ಶಕ್ತಿ ಕೊಡೋದು ಅವೇ. ವಯಸ್ಸಾಗ್ತಾ ಅವು ಮಂಕಾಗುತ್ತವೆ, ಹೊಗೆ ಕಾರಿ ಕಣಾನೇ ಕೆಡಿಸುತ್ತವೆ. ಕೆಟ್ಟ ಕಣಕ್ಕೆ 'ಇನ್ನು ಸಾಯಿ' ಅಂತ ಹೇಳೋದರಲ್ಲೂ ಆ ಒಲೆಗಳದ್ದೇ ಕೈ. ಅವೇ ಕೆಟ್ಟರೆ ಹೇಳೋರ್ಯಾರು? ಎಲ್ಲೋ ಒಂದು ಸಾಯದೆ ಉಳಿದು ಬೆಳೀತಾ ಹೋಗಬಹುದು."

"ಬೆಂಕಿ ಆರಿದ ಮೇಲೆ ಬೆಳೆಯೋದು ಹೇಗೆ?"

"ಪೂರ್ತಿ ಆರಲ್ಲ. ಅರ್ಧಂಬರ್ಧ ಸುಟ್ಕೊಂಡೇ ಬದುಕೋದು ಕಲಿತುಬಿಡುತ್ತೆ." ಅವಳು ಚೀಟಿ ಬರೆಯತೊಡಗಿದಳು. "ಈ ವಾರಾನೇ ಔಷಧಿ ಶುರು ಮಾಡೋಣ. ಮೊದಲೇ ಬಂದಿದ್ರೆ..."

"ರೋಗ ಅಂತ ಗೊತ್ತಿದ್ರೆ ತಾನೆ ತಾಯಿ ಬರೋದು?" ಎಂದಳು ಹೆಂಡತಿ. "ಇವರು ಪದಕ ಸಿಕ್ಕಿದ ಹಾಗೆ ಊರಿಗೆಲ್ಲ ತೋರಿಸ್ಕೊಂಡು ತಿರುಗಿದರು."

ಕೆಂಡಜ್ಜ ನಕ್ಕ. ಅವಳಿಗೆ ನಗು ಬರಲಿಲ್ಲ.

ಮರುದಿನ ರಜೆ ಹೇಳಲು ಅವನು ಬಾಯ್ಲರ್ ಕೋಣೆಗೆ ಹೋದ. ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಯಾರೂ ಅವನ ಮುಖ ನೋಡಲಿಲ್ಲ. ಅಂಗಿ ಕಳಚಿದ್ದ ಇಬ್ಬರು ಹೆಗಲ ಗಂಟು ಮುಚ್ಚುವಂತೆ ಅದನ್ನು ಹಾಕಿಕೊಂಡರು.

"ಅಜ್ಜಾ," ಕುಳ್ಳನ ದನಿ ಸಣ್ಣಗಿತ್ತು, "ಹೊರೋ ಕಡೆ ಗಂಟಾದ್ರೆ ಭಯ ಇಲ್ಲ ತಾನೆ?"

"ಇಲ್ಲ ಕಣೋ. ಆದ್ರೂ ಒಂದ್ಸಲ ತೋರಿಸ್ಕೋ."

"ನಾನು ಎರಡೂ ಕಡೆ ಹೊರ್ತೀನಲ್ಲ..."

ಕುಳ್ಳ ಬಗ್ಗಿ ಕುಕ್ಕೆ ತುಂಬಿದ. ಎತ್ತಿ ಒಂದು ಗಳಿಗೆ ನಿಂತ. ಆಮೇಲೆ ಯಾವ ಹೆಗಲಿಗೂ ಏರಿಸದೆ, ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡು, ಮೆಲ್ಲನೆ ಉರಿಯ ಬಾಯಿಯತ್ತ ನಡೆದ.