ಒಂದು ನೀಲಿ ಮಣಿ ಕಡಿಮೆ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬೆಳಗ್ಗೆ ಏಳೂಕಾಲಿಗೆ ಸರಿಯಾಗಿ, ಮಹಡಿ ಮನೆಯ ಮುಂದಿನ ಕೋಣೆಯಲ್ಲಿ, ಹಸಿರು ಮಣಿಗಳು ಕಂದು ಮಣಿಗಳ ಜೊತೆ ಬೆರೆತುಹೋದವು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಇಂಥ ಅನಾಹುತ ನಡೆದದ್ದು ಇದೇ ಮೊದಲು. ಅಪರಾಧಿ, ತಂಗಿಯ ಗಂಡನ ಬಲ ಮೊಣಕಾಲು. ಶಿಕ್ಷೆ ಕೊಡಬೇಕಾದ ಅಕ್ಕ ಒಳಕೋಣೆಯಲ್ಲಿ ಬಿಳಿ ಹೊದಿಕೆಯ ಕೆಳಗೆ, ನಿನ್ನೆ ಮಧ್ಯಾಹ್ನದಿಂದ ಎಲ್ಲರ ಜೊತೆಯೂ ಮಾತು ಬಿಟ್ಟು ಮಲಗಿದ್ದಳು.

"ಕಾಲಿಡೋಕೆ ಜಾಗ ಎಲ್ಲಿದೆಯೇ?" ಎಂದ ಗಂಡ, ಮೊಣಕಾಲು ಉಜ್ಜಿಕೊಳ್ಳುತ್ತ. "ಡಬ್ಬಿ, ಡಬ್ಬಿಯೊಳಗೊಂದು ಡಬ್ಬಿ, ಅದರೊಳಗೆ ಮಾತ್ರೆ ಸೀಸೆ. ಹತ್ತು ಗಂಟೆಗೆ ವ್ಯಾನ್ ಬರುತ್ತೆ, ನೀನು ನೋಡಿದ್ರೆ ಅಂಗಡಿ ಹರಡ್ಕೊಂಡು ಕೂತಿದ್ದೀಯ."

"ಒಂದು ಸರ ಹುಡುಕ್ತಿದ್ದೀನಿ," ಎಂದಳು ತಂಗಿ ತಲೆಯೆತ್ತದೆ. "ಇಷ್ಟು ಮಣಿ ಇಟ್ಕೊಂಡವಳು ಬರೀ ಕತ್ತಿನಲ್ಲಿ ಹೋಗೋದಾ?"

ಕೆಳಗಿನ ಮನೆಯಾಕೆ ಬಾಗಿಲಿಗೆ ಒರಗಿ ನಿಂತಿದ್ದಳು. "ಹುಡುಕಿ ಹುಡುಕಿ. ಆದ್ರೆ ನಾನಂತೂ ಅವರು ಒಂದು ಸರ ಮುಗಿಸಿದ್ದು ನೋಡಿಲ್ಲ ಕಣಮ್ಮ."

ನಿಜ. ಅಕ್ಕ ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿದಳು. ಮನೆಗೆ ಬಂದು ಮಣಿ ವಿಂಗಡಿಸಿದಳು. ಪ್ರತಿ ಶನಿವಾರ ಗುಜರಿ ಅಂಗಡಿಗೆ ಹೋಗಿ, ಯಾರೋ ಹಾಕಿ ಬಿಟ್ಟ, ಹರಿದ, ಬಣ್ಣಗೆಟ್ಟ ಸರಗಳನ್ನು ತೂಕಕ್ಕೆ ತರುತ್ತಿದ್ದಳು. ಬಂದವಳೇ ಮಾಡುವ ಮೊದಲ ಕೆಲಸ, ಸರದ ಕೊಂಡಿ ಕತ್ತರಿಸಿ ಕಸದ ಬುಟ್ಟಿಗೆ ಎಸೆಯುವುದು. ಒಳ್ಳೇ ಕೊಂಡಿ ಯಾಕೆ ಬಿಸಾಡ್ತೀಯ ಎಂದು ಕೇಳಿದರೆ ಒಂದೇ ಉತ್ತರ: "ಕೊಂಡಿ ಹಾಕಿದ್ರೆ ಮುಗೀತು ಅಂತ ಅರ್ಥ. ಇದೆಲ್ಲಿ ಮುಗಿದಿದೆ?" ಆಮೇಲೆ ಬಣ್ಣ ಬೇರೆ, ಗಾತ್ರ ಬೇರೆ, ತೂತಿನ ಅಗಲ ಬೇರೆ. ಯಾರಿಗೂ ಮಣಿಯದ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಮಣಿಯಕ್ಕ. ಅಷ್ಟು ವರ್ಷ ಕೂತರೂ ಸರವೂ ಆಗಲಿಲ್ಲ, ಸರಿಯೂ ಆಗಲಿಲ್ಲ.

ಎಂಟೂವರೆಯ ಹೊತ್ತಿಗೆ ತಂಗಿ ನಲವತ್ತು ಡಬ್ಬಿ ತೆರೆದಿದ್ದಳು. ಕೆಂಪು, ಹಳದಿ, ಹಾಲಿನ ಬಣ್ಣ, ಬೂದಿ ಬಣ್ಣ, ಹೆಸರಿಡಲಾಗದ ಬಣ್ಣ. ಪೋಣಿಸಿದ್ದು ಒಂದು ಗೇಣೂ ಇಲ್ಲ.

ಆಗಲೇ ಗುಜರಿ ಅಂಗಡಿಯವನು ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಕೋಣೆಗೆ ಹೋಗಿ ಕೈಮುಗಿದು, ಹಿಂದಿರುಗಿ ಮಣಿಗಳ ನಡುವೆ ದಾರಿ ಕಾಣದೆ ನಿಂತ. ಗಂಡನಿಗೆ ಅವನನ್ನು ಕಂಡು ಜೀವ ಬಂತು.

"ನೀವೇ ಕೊಟ್ಟಿದ್ದು, ನೀವೇ ತಗೊಂಡ್ಹೋಗಿ ಸ್ವಾಮಿ. ಎರಡು ಮೂಟೆ ಆಗುತ್ತೆ."

"ಇವತ್ತು ಬೇಡ ಬಿಡಿ." ಅವನು ತಂಗಿಯ ಕಡೆ ತಿರುಗಿದ. "ಅದು ಸಿಕ್ತಾಮ್ಮ ಅವರಿಗೆ ಕೊನೆಗೆ?"

"ಯಾವುದು?"

"ಆ ನೀಲಿ ಮಣಿ. ಬಂದಾಗೆಲ್ಲ ಚಿಲ್ಲರೆ ಚೀಲದಿಂದ ಒಂದು ನೀಲಿ ಮಣಿ ತೆಗೆದು ನನ್ನ ಮೂಗಿನ ಮುಂದೆ ಹಿಡಿಯೋರು. 'ಇದರ ಜೊತೆಯದ್ದು ಬಂತಾ?' ಅಂತ. ಒಂದೇ ಒಂದು ಸಾಕು ಅನ್ನೋರು. ಇಲ್ಲ ಅಂದ್ರೆ, 'ಇರಲಿ, ಒಳಗೆಲ್ಲಾದ್ರೂ ಸೇರ್ಕೊಂಡಿರುತ್ತೆ' ಅಂತ ಇಡೀ ಗಂಟು ಹೊತ್ಕೊಂಡು ಹೋಗೋರು. ನನಗೂ ವ್ಯಾಪಾರ, ಸುಮ್ಮನಿದ್ದೆ." ತನ್ನ ಪ್ರಾಮಾಣಿಕತೆಗೆ ತಾನೇ ನಾಚಿದಂತೆ ಅವನು ನೆಲ ನೋಡಿದ.

ತಂಗಿ ಎದ್ದು ಅಕ್ಕನ ಕೈಚೀಲ ತಡಕಿದಳು. ಚಿಲ್ಲರೆ ಚೀಲದೊಳಗೆ, ಬಸ್ ಟಿಕೆಟ್ಟಿನಲ್ಲಿ ಸುತ್ತಿದ ಒಂದು ನೀಲಿ ಮಣಿ. ಆ ಬಣ್ಣ ಅವಳಿಗೆ ಗೊತ್ತಿತ್ತು. ಇನ್ನು ಡಬ್ಬಿಗಳನ್ನು ಹುಡುಕಬೇಕಾಗಿರಲಿಲ್ಲ. ಅಕ್ಕ ಜೋಪಾನದ ವಸ್ತು ಇಡುತ್ತಿದ್ದ ದಿಂಬಿನ ಪಕ್ಕದ ಗೂಡಿನಲ್ಲಿ, ಗಡಿಯಾರದ ಹಿಂದೆ, ತಗಡಿನ ಪೆಟ್ಟಿಗೆಯೊಂದಿತ್ತು. ಒಳಗೆ ಐವತ್ತೆರಡು ನೀಲಿ ಮಣಿ. ಮೇಲೊಂದು ಚೀಟಿ, ಅಂಚೆ ಕಚೇರಿಯ ದುಂಡು ಅಕ್ಷರದಲ್ಲಿ: "ತಂಗಿದು. ಒಂದು ಕಡಿಮೆ."

*

ತಂಗಿಯ ಮದುವೆಯ ಹಿಂದಿನ ದಿನ ಮಧ್ಯಾಹ್ನ. ಅಕ್ಕ ಬಚ್ಚಲಿನ ಪಕ್ಕ, ಬೆಳಕು ಬೀಳುವ ಕಡೆ ಕೂತು ಪೋಣಿಸುತ್ತಿದ್ದಳು. ಐವತ್ತನಾಲ್ಕು ಮಣಿ. ಐವತ್ತು ಪೋಣಿಸಿ, ಹನ್ನೆರಡನೆಯದರ ತೂತು ಸೊಟ್ಟಗಿದೆ ಎಂದು ಎಲ್ಲ ಬಿಚ್ಚಿದಳು. ಇನ್ನೊಮ್ಮೆ ಪೋಣಿಸಿ ಇನ್ನೊಮ್ಮೆ ಬಿಚ್ಚಿದಳು.

"ಆಯ್ತಾ?"

"ಒಂದ್ನಿಮಿಷ ಇರೇ."

"ಬೆಳಗ್ಗೆಯಿಂದ ಅದೇ ಒಂದ್ನಿಮಿಷ. ಕೊಡಿಲ್ಲಿ, ನಾನೇ ಗಂಟು ಹಾಕ್ಕೋತೀನಿ."

"ಗಂಟಲ್ಲ, ಕೊಂಡಿ ಹಾಕ್ಬೇಕು. ಬಿಡೇ, ಎಳೀಬೇಡ..."

ತಂಗಿ ಎಳೆದಳು. ದಾರ ಕಿತ್ತು ಮಣಿಗಳು ಮನೆ ತುಂಬ ಓಡಿದವು. ಒಂದು ಬಚ್ಚಲ ಕಡೆಗೆ ಉರುಳಿ, ನೀರು ಹೋಗುವ ಕಿಂಡಿಯ ಅಂಚಿಗೆ ಬಡಿದು 'ಟಿಣ್' ಎಂದು ಒಳಗೆ ಬಿತ್ತು.

"ನಿನ್ನ ಜನ್ಮದಲ್ಲಿ ಒಂದಾದ್ರೂ ಮುಗಿಸಿದ್ದೀಯೇನೇ ನೀನು?" ಎಂದಳು ತಂಗಿ. ಕಿತ್ತವಳೂ ಅವಳೇ, ಕೂಗಿದವಳೂ ಅವಳೇ. ಮರುದಿನ ಯಾರದೋ ಸರ ಹಾಕಿಕೊಂಡು ಮದುವೆಯಾದಳು. ಅಕ್ಕ ಫೋಟೋದಲ್ಲಿ ತುದಿಗೆ ನಿಂತಿದ್ದಾಳೆ, ಮುಷ್ಟಿ ಬಿಗಿಹಿಡಿದುಕೊಂಡು.

*

ತಂಗಿ ಅಂಗಿ ಹೊಲಿಯುವ ಅಂಗಡಿಯಲ್ಲಿ ಗುಂಡಿ, ಕಾಜಾ ಹಾಕುವವಳು. ಸೂಜಿ, ದಾರ, ಪುಟ್ಟ ಕತ್ತರಿ ಅವಳ ಚೀಲದಲ್ಲಿ ಸದಾ ಇರುತ್ತಿದ್ದವು. ಒಂಬತ್ತು ಗಂಟೆಗೆ ಕೂತಳು.

"ನಿಂದು ಅಂತ ಬರೆದಿದ್ದಾಳಲ್ಲ, ನೀನೇ ಹಾಕ್ಕೋ," ಎಂದ ಗಂಡ.

"ನನಗೆ ಬೇಡ. ಅವಳು ಮುಗಿಸಿದ್ದು ಅಂತ ಅವಳ ಕತ್ತಲ್ಲೇ ಹೋಗ್ಲಿ. ಆವತ್ತು ನಾನಾಡಿದ ಮಾತು ನನ್ನ ಹತ್ರಾನೇ ಉಳ್ಕೊಂಡಿದೆ ಕಣ್ರೀ. ಇವತ್ತು ಬಿಟ್ರೆ ಅದನ್ನ ವಾಪಸ್ ತಗೊಳ್ಳೋಕೆ ಇನ್ನೊಂದು ದಿನ ಇಲ್ಲ."

ಗಂಡ ಪೆಟ್ಟಿಗೆಯನ್ನು ಅವಳ ಹತ್ತಿರಕ್ಕೆ ಸರಿಸಿದ. ಸೂಜಿ ಮಣಿಯಿಂದ ಮಣಿಗೆ ಹೋಯಿತು. ಐವತ್ತಮೂರು. ಐವತ್ತನಾಲ್ಕನೆಯದಕ್ಕಾಗಿ ನಾಲ್ವರೂ ನೆಲದ ಮೇಲೆ ಕೂತು ನೀಲಿ ಡಬ್ಬಿಗಳನ್ನು ಸುರಿದರು. ಆಕಾಶನೀಲಿ ಇತ್ತು, ಮಸಿನೀಲಿ ಇತ್ತು, ನವಿಲಿನ ಕತ್ತಿನ ನೀಲಿ ಇತ್ತು. ಆ ನೀಲಿ ಇರಲಿಲ್ಲ.

"ಐವತ್ತಮೂರೇ ಸಾಕು ಬಿಡಿ, ಯಾರು ಎಣಿಸ್ತಾರೆ?" ಎಂದಳು ಕೆಳಗಿನ ಮನೆಯಾಕೆ.

"ಅವಳು ಎಣಿಸ್ತಾಳೆ," ಎಂದಳು ತಂಗಿ.

ಕೊನೆಗೆ ತನ್ನ ಚೀಲದ ತಳದಿಂದ ನೀಲಿ ಅಂಗಿಯ ಗುಂಡಿಯೊಂದನ್ನು ತೆಗೆದು ನಡುವೆ ಪೋಣಿಸಿದಳು. ನಾಲ್ಕು ತೂತಿನ, ಪ್ಲಾಸ್ಟಿಕ್ಕಿನ, ಯಾವ ನಾಚಿಕೆಯೂ ಇಲ್ಲದ ಗುಂಡಿ. ಕೊಂಡಿಗೆಂದು ಕೈಚಾಚಿದಾಗ ನೆನಪಾಯಿತು. ಅಷ್ಟು ಡಬ್ಬಿಗಳಲ್ಲಿ ಒಂದೇ ಒಂದು ಕೊಂಡಿ ಇರಲಿಲ್ಲ. ಸರ ತಲೆಯ ಮೇಲಿಂದ ಇಳಿಯುವಷ್ಟು ಉದ್ದವೂ ಇರಲಿಲ್ಲ. ಅಕ್ಕನ ಕತ್ತಿನ ಹಿಂದೆಯೇ ಗಂಟು ಹಾಕಿದಳು. ಗುಂಡಿಗೆ ಹಾಕುವ ಗಂಟು, ಒಂದರ ಮೇಲೊಂದು ಮೂರು, ಅಂಗಿ ಹರಿದರೂ ಬಿಚ್ಚದಂಥದ್ದು.

ಕೆಳಗಿನ ಮನೆಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಷ್ಟು ಲಕ್ಷಣವಾಗಿದೆ ನೋಡಿ. ಗುಂಡಿ ಗೊತ್ತೇ ಆಗಲ್ಲ."

ಗುಂಡಿಯೇ ಮೊದಲು ಕಾಣುತ್ತಿತ್ತು.

*

ವಿದ್ಯುತ್ ಚಿತಾಗಾರದ ಗುಮಾಸ್ತ ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಅವನ ಮೇಲೆ ಕೂಗಾಡಿಯಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅರ್ಜಿಗೆ ಮೊಹರು ಒತ್ತಿ, ಹೊದಿಕೆಯನ್ನು ಒಂದಿಷ್ಟು ಸರಿಸಿ, ನಿಟ್ಟುಸಿರಿಟ್ಟ.

"ಇದು ಗಾಜಾ ಅಮ್ಮ?"

"ಮಣಿ," ಎಂದಳು ತಂಗಿ.

"ಗಾಜು ಒಳಗೆ ಬಿಡಂಗಿಲ್ಲ. ಕರಗಿ ತಳಕ್ಕೆ ಅಂಟ್ಕೊಳುತ್ತೆ. ಹೋದ ತಿಂಗಳು ಒಬ್ಬರ ಜೇಬಲ್ಲಿ ಕನ್ನಡಕ ಉಳಿದು, ಎರಡು ದಿನ ಯಂತ್ರ ನಿಲ್ಲಿಸಬೇಕಾಯ್ತು. ಗೋಡೆ ಮೇಲೆ ಬರೆದಿದೆ ನೋಡಿ, ಆರನೇದು."

ಗಂಡ ಮುಂದೆ ಬಂದ. "ಗಾಜು ಅಂತ ನೀವು ಹೇಗೆ ಹೇಳ್ತೀರಿ? ಪ್ಲಾಸ್ಟಿಕ್ ಇರಬಹುದಲ್ಲ?" ಹೆಂಡತಿಗಾಗಿ ಅವನು ಆಡಿದ ಸುಳ್ಳುಗಳಲ್ಲಿ ಅದು ಅತ್ಯಂತ ದುರ್ಬಲವಾದದ್ದು, ಅತ್ಯಂತ ಒಳ್ಳೆಯದೂ ಕೂಡ.

ಗುಮಾಸ್ತ ಪೆನ್ನಿನ ಹಿಂಬದಿಯಿಂದ ಒಂದು ಮಣಿಯನ್ನು ಮೆತ್ತಗೆ ತಟ್ಟಿದ.

'ಟಿಣ್.'

ಗಂಡ ಹಿಂದೆ ಸರಿದ.

"ಹಿಂದೆ ಕೊಂಡಿ ಬಿಚ್ಚಿ ತೆಗೆದುಬಿಡಿ. ಸರ ಹಾಗೇ ನಿಮ್ಮ ಹತ್ರ ಉಳಿಯುತ್ತೆ."

"ಕೊಂಡಿ ಇಲ್ಲ."

"ಗಂಟಾದ್ರೆ ಗಂಟು ಬಿಚ್ಚಿ."

"ಅದು ಬಿಚ್ಚಲ್ಲ. ನಾನೇ ಹಾಕಿದ್ದು."

ಗುಮಾಸ್ತ ಗಡಿಯಾರ ನೋಡಿದ. ಹೊರಗೆ ಇನ್ನೊಂದು ವ್ಯಾನು ಬಂದು ನಿಂತಿತ್ತು. ತಂಗಿ ಚೀಲದಿಂದ ಕತ್ತರಿ ತೆಗೆದಳು. ಗುಜರಿ ಅಂಗಡಿಯವನು ಕೇಳದೆಯೇ ತನ್ನ ಕರವಸ್ತ್ರ ಬಿಡಿಸಿ ಅಕ್ಕನ ಕತ್ತಿನ ಪಕ್ಕ ಹಿಡಿದ. ಕತ್ತರಿ ಒಮ್ಮೆ ಕಚಕ್ಕೆಂದಿತು. ಮಣಿಗಳು ಈ ಸಲ ಎಲ್ಲಿಗೂ ಓಡಲಿಲ್ಲ. ದಾರದ ಎರಡೂ ತುದಿಯಿಂದ ಒಂದರ ಹಿಂದೊಂದು ಕರವಸ್ತ್ರದೊಳಕ್ಕೆ ಇಳಿದವು.

ಕೊನೆಯಲ್ಲಿ ಬಿದ್ದದ್ದು ಗುಂಡಿ. ಗುಮಾಸ್ತ ಅದನ್ನೆತ್ತಿ ಬೆಳಕಿಗೆ ಹಿಡಿದ.

"ಇದು ಪ್ಲಾಸ್ಟಿಕ್. ಇದಕ್ಕೆ ಅಡ್ಡಿಯಿಲ್ಲ ಅಮ್ಮ. ಬಟ್ಟೆ ಜೊತೆ ಬಂದ ಹಾಗೆ."

ತಂಗಿ ದಾರಕ್ಕೆ ಗುಂಡಿ ಪೋಣಿಸಿ ಮತ್ತೆ ಮೂರು ಗಂಟು ಹಾಕಿದಳು. ಅಕ್ಕನ ಕತ್ತಿನ ಕುಳಿಯಲ್ಲಿ ಅದೊಂದೇ ಕೂತಿತು, ನಾಲ್ಕು ತೂತು ಬಿಟ್ಟುಕೊಂಡು. ಗಾಡಿಯ ಚಕ್ರ ಕಿರ್ರೆಂದಿತು. ಬಾಗಿಲು ಮೇಲೆದ್ದಿತು, ಇಳಿಯಿತು.

"ಮುಕ್ಕಾಲು ಗಂಟೆಯಾಗುತ್ತೆ," ಎಂದ ಗುಮಾಸ್ತ. "ಕೂತಿರಿ."

ತಂಗಿ ಹೊರಗಿನ ಸಿಮೆಂಟು ಬೆಂಚಿನ ಮೇಲೆ ಕೂತು ಕರವಸ್ತ್ರ ಹರಡಿದಳು. ಅಕ್ಕ ಮಾಡುತ್ತಿದ್ದ ಹಾಗೆಯೇ ತೋರುಬೆರಳಿನಿಂದ ಒಂದು ಮಣಿಯನ್ನು ಎಡಕ್ಕೆ ತಳ್ಳಿದಳು, ಇನ್ನೊಂದನ್ನು ಬಲಕ್ಕೆ. ಆಮೇಲೆ ಬೆರಳು ಅಲ್ಲೇ ನಿಂತಿತು. ಎಲ್ಲವೂ ಒಂದೇ ನೀಲಿ, ಒಂದೇ ಗಾತ್ರ. ವಿಂಗಡಿಸಲು ಏನೂ ಇರಲಿಲ್ಲ.