ಬರೋಬರಿ

“ರಾಜೀವ, ಅವಗ ಹೇಳು, ಆ ಕಡಿ ಬಿದಿರು ಸ್ವಲ್ಪ ಮ್ಯಾಲ ಎತ್ತಲಿ ಅಂತ,” ಎಂದ ಬಸವರಾಜ, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

ಅವ ಎಂದರೆ ಅಕ್ರಮ್. ಅದೇ ಬಿದಿರಿನ ಇನ್ನೊಂದು ತುದಿ ಹಿಡಿದು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ.

“ಎತ್ತೀನಿ ಅಂತ ಹೇಳು. ಮೊದ್ಲ ತನ್ನ ಗಂಟು ನೋಡ್ಕೊ ಅನ್ನು, ಸಡ್ಲ ಅದ,” ಎಂದ ಅಕ್ರಮ್. ಅವನೂ ರಾಜೀವನಿಗೇ ಹೇಳಿದ.

ರಾಜೀವ ಬಸವಕಲ್ಯಾಣ ಡಿಪೋದಲ್ಲಿ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಚಿಲ್ಲರೆಯನ್ನು ಕೈಯಿಂದ ಕೈಗೆ ದಾಟಿಸಿ ಗೊತ್ತಿದ್ದವನು. ಆದರೆ ಎದುರುಬದುರು ಕುಳಿತ ಇಬ್ಬರು ಹಿರಿಯರ ನಡುವೆ ಮಾತು ದಾಟಿಸುವುದು, ಅದೂ ತನ್ನ ಅಪ್ಪನ ಚಟ್ಟ ಕಟ್ಟುವ ಹೊತ್ತಿನಲ್ಲಿ, ಅವನಿಗೆ ಹೊಸದು. ಅಳಬೇಕೋ ನಗಬೇಕೋ ತಿಳಿಯದೆ, “ಕಾಕಾ, ಚಾಚಾ, ಇಬ್ರಿಗೂ ಕೇಳಿಸೇದ,” ಎಂದಷ್ಟೇ ಹೇಳಿದ.

ಅಪ್ಪ ಮಚ್ಚೇಂದ್ರನದು ಹುಮನಾಬಾದದ ಹೆದ್ದಾರಿ ಬದಿಗೆ ಪಂಚರ್ ಅಂಗಡಿ. ಶನಿವಾರ ಮಧ್ಯಾಹ್ನ ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಸಂಜೆಯೇ ಹುಟ್ಟೂರು ಕೊಹಿನೂರಕ್ಕೆ ತಂದರು. ಈಗ ಐತವಾರದ ಬೆಳಗು. ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಾನೆ, ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಉರಿಯುತ್ತಿದೆ. ಹೊರಗೆ ಊರ ಬಾಗಿಲಿನತನಕ ಲಾರಿಗಳು ನಿಂತಿವೆ. ಒಬ್ಬ ಪಂಚರ್ ಹಾಕುವವನಿಗೆ ಇಷ್ಟು ಲಾರಿ ಬರುತ್ತವೆಂದು ಊರವರು ಎಣಿಸಿರಲಿಲ್ಲ.

ಅಕ್ರಮ್ ಚೀಲದಿಂದ ಕಪ್ಪು ರಬ್ಬರಿನ ಪಟ್ಟಿಗಳನ್ನು ತೆಗೆದ. ಹಳೆ ಟ್ಯೂಬು ಕತ್ತರಿಸಿ ಮಾಡಿದವು. ಬಿದಿರಿನ ಮೂಲೆಗೆ ಅದನ್ನು ಸುತ್ತತೊಡಗಿದಾಗ ಬುದ್ಧವಂದನೆ ಹೇಳಿಕೊಡಲು ಬಂದಿದ್ದ ಧರ್ಮೇಂದ್ರ ಮೇಷ್ಟ್ರು ಹುಬ್ಬು ಗಂಟಿಕ್ಕಿದರು.

“ಚಟ್ಟಕ್ಕ ರಬ್ಬರ್ ಕಟ್ತಾರೇನಪ್ಪಾ?”

“ಕಟ್ಲಿ ಬಿಡ್ರಿ ಗುರುಗಳ,” ಎಂಬ ಮಾತು ಹೊಸ್ತಿಲಿನಿಂದ ಬಂತು. ಮಚ್ಚೇಂದ್ರನ ಹೆಂಡತಿ ಗಿರಿಜಾಬಾಯಿ ಕಂಬಕ್ಕೊರಗಿ ನಿಂತಿದ್ದಳು. “ನಮ್ಮವ್ರೇ ಕತ್ತರಿಸಿ ಇಟ್ಟ ಪಟ್ಟಿ ಅವು. ಅವ್ರು ಕಟ್ಟಿದ್ದು ಎಂದೂ ಬಿಚ್ಚಿಲ್ಲ.”

ಮೇಷ್ಟ್ರು ತಲೆಯಾಡಿಸಿದರು. ಬಸವರಾಜ ತನ್ನ ಹಗ್ಗ ಬಿಚ್ಚಿ, ಒಂದು ಪಟ್ಟಿಗಾಗಿ ಕೈ ಚಾಚಿದ. ಚಾಚಿದ್ದು ರಾಜೀವನ ಕಡೆಗೆ.

*

ಮಚ್ಚೇಂದ್ರನಿಗೆ ಬಾಕ್ಸಿಂಗ್ ಹುಚ್ಚು ಹತ್ತಿಸಿದವನು ಒಬ್ಬ ಹರಿಯಾಣದ ಡ್ರೈವರ್. ಟೈರು ರೆಡಿಯಾಗುವತನಕ ಮೊಬೈಲಿನಲ್ಲಿ ಪಂದ್ಯ ನೋಡುತ್ತ ಕೂತಿದ್ದ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ ಮಚ್ಚೇಂದ್ರ ಕತ್ತು ಚಾಚಿ ನೋಡಿದ, ಅಂಕ ಹ್ಯಾಗೆ ಕೊಡುತ್ತಾರೆಂದು ಕೇಳಿದ. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು ಅಂದ ಡ್ರೈವರ್.

ಆ ಒಂದು ಮಾತಿಗೆ ಮಚ್ಚೇಂದ್ರ ಮರುಳಾಗಿಬಿಟ್ಟ. ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ. “ಸೋತವಗೂ ಒಂಬತ್ತು ಕೊಡ್ತಾರಂತ್ರಿ. ಎಂಥಾ ದೊಡ್ಡ ಮನಸ್ಸು ನೋಡ್ರಿ ಆ ಮಂದೀದು. ಇಲ್ಲಿ ಗೆದ್ದವಗೇ ಪೂರಾ ಕೊಡಂಗಿಲ್ಲ.” ಮನೆಯಲ್ಲೂ ಅದೇ ಲೆಕ್ಕ ಬಂತು. ಗಿರಿಜಾಬಾಯಿಯ ಜೊತೆ ಮಾತಿಗೆ ಮಾತು ಬೆಳೆದರೆ, ಕೊನೆಗೆ ಕೈ ತೊಳೆದುಕೊಂಡು ಬಂದು ಕೂರುತ್ತಿದ್ದ. “ಆತು, ಈ ಸುತ್ತು ನಿಂದು. ನಿನಗ ಹತ್ತು, ನನಗ ಒಂಬತ್ತು. ರೊಟ್ಟಿ ಹಾಕು.” ಅವಳ ಸಿಟ್ಟು ಅಲ್ಲಿಗೆ ಇಳಿದುಹೋಗುತ್ತಿತ್ತು.

ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವ ಪಂದ್ಯ ಹುಮನಾಬಾದದಲ್ಲಿ ಐತವಾರ ಬೆಳಗ್ಗೆ ಚಹಾದ ಹೊತ್ತಿಗೆ ಬರುತ್ತದೆ. ಮೊಬೈಲನ್ನು ಜಾಕಿಗೆ ಒರಗಿಸಿ ಇಡುತ್ತಿದ್ದರು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುವ ಬಸವರಾಜ, ಪಕ್ಕದ ಗ್ಯಾರೇಜಿನ ಅಕ್ರಮ್, ದಾರಿಹೋಕ ಡ್ರೈವರುಗಳು, ಎಲ್ಲರೂ ಸುತ್ತ ಕೂರುತ್ತಿದ್ದರು. ಆ ಆಟಗಾರರ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಹಾಗಾಗಿ ಒಬ್ಬ ಲಂಬು, ಒಬ್ಬ ಗಿಡ್ಡ, ಒಬ್ಬ ಬೋಳ. ಸುತ್ತು ಮುಗಿದ ಕೂಡಲೇ ಎಲ್ಲರೂ ತಂತಮ್ಮ ಅಂಕ ಕೂಗಬೇಕು, ಆಮೇಲೆ ಜಗಳ. ಪಂಚರ್ ಅಂಗಡಿಯ ಪಂಚರು ಎಂದು ಪಕ್ಕದ ಚಹಾದಂಗಡಿಯ ಅಮೀರ ಅವರಿಗೆ ಹೆಸರಿಟ್ಟಿದ್ದ.

ಮೋಜೆಂದರೆ, ಎತ್ತರಕ್ಕೆ ಬೆಳೆದ ಬಸವರಾಜ ಯಾವಾಗಲೂ ಗಿಡ್ಡನ ಪಾರ್ಟಿ. ಅವನ ಕಿವಿಗಷ್ಟೇ ಬರುವ ಅಕ್ರಮ್ ಲಂಬುವಿನ ಪಾರ್ಟಿ. “ತನ್ನ ಹತ್ರ ಇಲ್ಲದ್ದೇ ಮನುಷ್ಯಾಗ ಛಂದ ಕಾಣ್ತದ,” ಎಂದು ಮಚ್ಚೇಂದ್ರ ಇಬ್ಬರನ್ನೂ ಕಾಡುತ್ತಿದ್ದ.

ಕಳೆದ ದೀಪಾವಳಿ ಮುಗಿದ ವಾರ ಲಂಬು ಮತ್ತು ಗಿಡ್ಡ ಎದುರಾದರು. ಲಂಬು ದೂರದಲ್ಲೇ ನಿಂತು ಎಡಗೈಯಿಂದ ಮುಖಕ್ಕೆ ಚುಚ್ಚುತ್ತಲೇ ಇದ್ದ. ಗಿಡ್ಡ ಆ ಹೊಡೆತಗಳನ್ನೆಲ್ಲ ತಿಂದು ಒಳನುಗ್ಗಿ ಪಕ್ಕೆಗೆ ಗುದ್ದುತ್ತಿದ್ದ. ಮೂವರು ತೀರ್ಪುಗಾರರಲ್ಲಿ ಇಬ್ಬರು ಲಂಬು ಗೆದ್ದ ಅಂದರು, ಒಬ್ಬ ಗಿಡ್ಡ ಅಂದ.

“ಇದೆಂಥಾ ಫೈಸಲಾ?” ಬಸವರಾಜ ಎದ್ದುನಿಂತ. “ಆಟ ನಡೆಸಿದವ ಯಾವ? ಗಿಡ್ಡ. ಆ ಲಂಬು ಹಿಂದ ಹಿಂದ ಓಡಿದ.”

“ಓಡೂದಲ್ಲೋ ಅದು. ದೂರ ಇಟ್ಟು ಹೊಡಿಯೂದು. ಹತ್ತಿದ ಹೊಡತ ಎಣಿಸು, ಎಷ್ಟು ನುಗ್ಗಿದ ಅಂತ ಎಣಿಸಬ್ಯಾಡ,” ಎಂದ ಅಕ್ರಮ್.

“ಪಕ್ಕಿಗೆ ಹತ್ತಿದ್ದು ಹೊಡತ ಅಲ್ಲೇನು?”

“ಮುಂದ ಮುಂದ ನುಗ್ಗೂದೊಂದೇ ಗೊತ್ತು ನಿನಗ. ಅದಕ್ಕೇ ಕಬ್ಬಿನ ಗಾಡಿ ಹೊಲದಾಗ ಕೆಡವಿದಿ.”

ಆ ಗಾಡಿ ಮಗುಚಿದ ಮಾತನ್ನು ಯಾರೂ ಬಸವರಾಜನ ಮುಂದೆ ಆಡುತ್ತಿರಲಿಲ್ಲ.

“ನೀ ಹಾಕಿದ ಬ್ರೇಕು ಹಿಡೀಲಿಲ್ಲ, ಅದಕ್ಕ ಬಿತ್ತು,” ಎಂದ ಬಸವರಾಜ ಮೆಲ್ಲಗೆ. “ಇಷ್ಟು ದಿನ ಬಾಯಿ ಬಿಟ್ಟಿದ್ದಿಲ್ಲ.”

ಅವತ್ತಿನಿಂದ ಎಂಟು ತಿಂಗಳು ಇಬ್ಬರ ನಡುವೆ ಮಾತಿಲ್ಲ. ಬಸವರಾಜ ಬೆಳಗ್ಗೆ ಬರುತ್ತಿದ್ದ, ಅಕ್ರಮ್ ಸಂಜೆ ಬರುತ್ತಿದ್ದ. ಮಚ್ಚೇಂದ್ರ ಎರಡು ಸಲ ಚಹಾ ಕುಡಿಯುತ್ತಿದ್ದ.

*

ಚಟ್ಟ ಸಿದ್ಧವಾದ ಮೇಲೆ ಅಂಗಳದಲ್ಲಿ ಮಾತು ಮಚ್ಚೇಂದ್ರನ ಕಡೆ ಹೊರಳಿತು. ಸೋಲಾಪುರದ ಡ್ರೈವರೊಬ್ಬ, ಮಳೆಯಲ್ಲಿ ಸಿಕ್ಕಿಬಿದ್ದಾಗ ತನಗೆ ಊಟ ಹಾಕಿ ಅಂಗಡಿಯಲ್ಲೇ ಮಲಗಿಸಿದ್ದನ್ನು ನೆನೆದ. ಮಂಠಾಳದ ಸುಗಂಧಾ ಟೀಚರು, ಸ್ಕೂಟಿ ಕಲಿಸಿದವರೇ ಮಚ್ಚೇಂದ್ರಣ್ಣ, ಬಿದ್ದಾಗೆಲ್ಲ ಒಂಬತ್ತು ಅನ್ನುತ್ತಿದ್ದರು ಎಂದು ಅತ್ತು ನಕ್ಕರು.

“ಜಾಗದ ಮಾಲೀಕ ನನ್ನ ಹೊರಗ ಹಾಕಿದಾಗ ತನ್ನ ತಗಡಿನ ನೆರಳಿನಾಗ ಅರ್ಧ ಕೊಟ್ಟಾನ,” ಎಂದ ಅಕ್ರಮ್. “ಇವತ್ತು ನನ್ನ ಗ್ಯಾರೇಜ್ ಅಂತ ಒಂದು ಅದ ಅಂದ್ರ ಅವನಿಂದ.”

ಬಸವರಾಜ ಎದುರಿನ ಗೋಡೆ ನೋಡುತ್ತ ಹೇಳಿದ, “ಗಾಡಿ ಬಿದ್ದ ಮ್ಯಾಲ ನನಗ ಯಾವನೂ ಸ್ಟೇರಿಂಗ್ ಕೊಡ್ಲಿಲ್ಲ. ಹಳ್ಳಿಖೇಡದಾಗ ಮಚ್ಚೇಂದ್ರನೇ ಮಾಲೀಕರ ಮನಿ ಮನಿಗೆ ಬಂದು, ಇವಂದು ಜಿಮ್ಮೇದಾರಿ ನಂದು ಅಂದ. ನನ್ನ ಮಕ್ಕಳು ಉಂಡದ್ದು ಅವನ ಮಾತಿನ ಮ್ಯಾಲ.”

ಒಂದೇ ಮನುಷ್ಯನ ಋಣ ಇಬ್ಬರೂ ನೆನೆದರು, ಒಬ್ಬರ ಮುಖ ಒಬ್ಬರು ನೋಡದೆ. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಸೋಲಾಪುರದವನು ಮೊಬೈಲು ತೆಗೆದು, “ಇವತ್ತೇ ಅಲ್ರೀ, ಆ ಲಂಬು ಗಿಡ್ಡರದು ಮತ್ತ ಆಟ?” ಎಂದುಬಿಟ್ಟ.

“ಹೌದು,” ಎಂದ ಅಕ್ರಮ್. “ಎಂಟಕ್ಕ ಅಂಗಡಿಗೆ ಬಾ, ಕೂಡೇ ನೋಡೂಣು ಅಂದಿದ್ದ ನನಗ. ಹೋದ ಸಲದ್ದೂ ನಂದೇ ಬರೋಬರಿ ಅಂದಿದ್ದ.”

ಬಸವರಾಜ ತಿರುಗಿದ. ಎಂಟು ತಿಂಗಳ ಮೇಲೆ ಮೊದಲ ಸಲ ನೇರವಾಗಿ ಅಕ್ರಮನ ಮುಖ ನೋಡಿದ.

“ಸುಳ್ಳು. ಬರೋಬರಿ ಅಂದದ್ದು ನನಗ. ಎಂಟಕ್ಕ ಬಾ ಅಂದದ್ದೂ ನನಗ.”

“ನನ್ನ ಮುಂದ ನಿಂತು ಅಂದಾನ.”

“ನನ್ನ ಕೈ ಹಿಡಿದು ಅಂದಾನ.”

“ಹೆಣದ ಮುಂದ ಏನ್ ಹಚ್ಚೀರಿ?” ಎಂದು ಧರ್ಮೇಂದ್ರ ಮೇಷ್ಟ್ರು ಗದರಿದರು. ಗಿರಿಜಾಬಾಯಿ ಮೆಟ್ಟಿಲಿಳಿದು ಬಂದಳು. ಅವಳ ಕಣ್ಣು ಬಾತಿದ್ದವು, ದನಿ ಮಾತ್ರ ಸ್ಪಷ್ಟವಾಗಿತ್ತು.

“ಇಬ್ರಿಗೂ ಅಂದಾರ,” ಎಂದಳು. “ಬಸವರಾಜಣ್ಣ, ನಿಮಗೂ ಅಂದಾರ. ಅಕ್ರಮ್ ಭಾಯಿ, ನಿಮಗೂ. ಅವ್ರು ಅಂದದ್ದು ಆಟಕ್ಕ. ನೀವು ನಿಮ್ಮ ಮಾತಿಗೆ ಅಂತ ತಿಳ್ಕೊಂಡ್ರಿ.”

ಬರೋಬರಿ ಎಂದರೆ ಆ ಸೀಮೆಯಲ್ಲಿ ಸರಿ ಎಂದೂ ಆಗುತ್ತದೆ, ಸಮ ಎಂದೂ ಆಗುತ್ತದೆ. ಇಬ್ಬರೂ ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತು. ಎಂಟು ತಿಂಗಳಲ್ಲಿ ಒಮ್ಮೆಯೂ ಅದರ ಇನ್ನೊಂದು ಅರ್ಥ ಇಬ್ಬರಿಗೂ ಹೊಳೆದಿರಲಿಲ್ಲ.

*

ಶುಕ್ರವಾರ, ಅವನು ಹೋಗುವ ಹಿಂದಿನ ದಿನ, ಊಟಕ್ಕೆ ಕೂತಾಗ ಗಿರಿಜಾಬಾಯಿಯೇ ಕೇಳಿದ್ದಳು. “ಖರೇ ಹೇಳ್ರಿ, ಆ ಆಟದಾಗ ಯಾರು ಗೆದ್ದಿದ್ರು?”

“ಬರೋಬರಿ,” ಎಂದ ಮಚ್ಚೇಂದ್ರ ರೊಟ್ಟಿ ಮುರಿಯುತ್ತ. “ನನ್ನ ಲೆಕ್ಕದಾಗ ಇಬ್ರೂ ಸಮಾ. ಇದನ್ನೇ ಅವ್ರಿಬ್ರಿಗೂ ಹೇಳೀನಿ. ಇಬ್ರೂ ತಾವೇ ಗೆದ್ದಂಗ ಖುಷಿಲೆ ಚಹಾ ಕುಡುದು ಹೋದ್ರು.”

“ಬಿಡಿಸಿ ಹೇಳಬೇಕಿಲ್ಲೋ?”

“ಬಿಡಿಸಿ ಹೇಳಿದ್ರ ಇಬ್ರೂ ನನ್ನ ಮ್ಯಾಲ ಸಿಟ್ಟಾಗಿ ಬರೂದೇ ಬಿಟ್ಟಾರು. ನನಗ ಯಾರದಾರ?” ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ, “ಗಿರಿಜಾ, ಅಂಥಾ ಇಬ್ರು ಗೆಳೆಯರು ಸಿಕ್ಕದ್ದು ನನ್ನ ಪುಣ್ಯ. ಈ ಐತವಾರ ಇಬ್ರನ್ನೂ ಕರೆದೀನಿ. ಅವ ಬರೂದು ಇವಗ ಗೊತ್ತಿಲ್ಲ, ಇವ ಬರೂದು ಅವಗ ಗೊತ್ತಿಲ್ಲ.”

“ಮತ್ತ ಬಡದಾಡಿದ್ರ?”

“ಬಡದಾಡಲಿ. ನಾ ನಡುವ ಇರ್ತೀನಲ್ಲ.”

*

ಮೇಷ್ಟ್ರು ಹೇಳಿಕೊಟ್ಟ ತ್ರಿಸರಣ, ಪಂಚಶೀಲ ಮುಗಿದವು. ಮಚ್ಚೇಂದ್ರನನ್ನು ಚಟ್ಟದ ಮೇಲೆ ಮಲಗಿಸಿ ಹೂ ಹಾಕಿದರು. ಹೊರುವವರು ಯಾರೆಂದು ಮೇಷ್ಟ್ರು ಕೇಳುವ ಮೊದಲೇ ಗಿರಿಜಾಬಾಯಿ ಹೇಳಿದಳು, “ಹಿಂದ ರಾಜೀವ ಮತ್ತ ಅವನ ಕಾಕಾನ ಮಗ ಅಜೀತ. ಮುಂದ ಇವ್ರಿಬ್ರು.”

ಇಬ್ಬರೂ ಬಂದು ಚಟ್ಟದ ಎರಡು ಕಡೆ ನಿಂತರು. ಒಬ್ಬರನ್ನೊಬ್ಬರು ನೋಡಲಿಲ್ಲ, ಆದರೆ ಒಟ್ಟಿಗೇ ಬಗ್ಗಿ ಒಟ್ಟಿಗೇ ಎತ್ತಿದರು.

ಎತ್ತಿದ್ದೇ ಚಟ್ಟ ವಾಲಿತು. ಬಸವರಾಜನ ಹೆಗಲು ಎತ್ತರ, ಅಕ್ರಮನದು ನಾಲ್ಕು ಬೆರಳು ತಗ್ಗು. ಹೂವು ಅಕ್ರಮನ ಕಡೆ ಜಾರಿದವು. ಅವನು ಮುಂಗಾಲಿನ ಮೇಲೆ ನಿಂತು ಎತ್ತಲು ನೋಡಿದ. ಮಳೆ ಬಿದ್ದ ಓಣಿಯ ಕರಿಮಣ್ಣಿನಲ್ಲಿ ಕಾಲು ನಿಲ್ಲಲಿಲ್ಲ. ಬಸವರಾಜ ಮಂಡಿ ಬಗ್ಗಿಸಿ ನಾಲ್ಕು ಹೆಜ್ಜೆ ನಡೆದ, ಅರವತ್ತು ದಾಟಿದ ಮಂಡಿ ಅದು, ನಡುಗತೊಡಗಿತು. ಚಟ್ಟದ ಮೂಲೆಯಲ್ಲಿ ಬಿಗಿದ ರಬ್ಬರ್ ಪಟ್ಟಿಗಳು ಕಿರ್ರೆಂದವು, ಬಿಚ್ಚಲಿಲ್ಲ.

“ಗಿಡ್ಡ ಇದ್ದವರನ್ನ ಹಿಂದ ಹಾಕ್ರಿ, ಬ್ಯಾರೆ ಯಾರರೆ ಬರ್ರಿ ಮುಂದ,” ಎಂದಿತು ಗುಂಪಿನಿಂದೊಂದು ದನಿ.

“ಬ್ಯಾಡ,” ಎಂದ ಬಸವರಾಜ. “ನಿಂದ್ರು ರಾಜೀವ. ಒಂದು ಗಳಿಗಿ ನಿಂದ್ರು.”

ಒಂದು ಕೈಯಲ್ಲಿ ಬಿದಿರು ಹಿಡಿದುಕೊಂಡೇ, ಇನ್ನೊಂದರಿಂದ ತನ್ನ ಕೊರಳ ಸುತ್ತಿನ ಟವೆಲ್ ಎಳೆದುಕೊಂಡ. ಮೂವತ್ತು ವರ್ಷ ಲಾರಿಯ ಧೂಳು ಒರೆಸಿದ ಕೈ ಅದು. ಟವೆಲನ್ನು ಎದೆಗೆ ಒತ್ತಿ ಮಡಚಿದ, ಮತ್ತೆ ಮಡಚಿದ. ಚಟ್ಟದ ಕೆಳಗಿಂದ ಕೈ ಹಾಯಿಸಿ ಅಕ್ರಮನ ಹೆಗಲ ಮೇಲೆ ಇಟ್ಟ. ಅಕ್ರಮ್ ಬಿದಿರು ತುಸು ಮೇಲೆತ್ತಿದ, ಬಸವರಾಜ ಟವೆಲನ್ನು ಕೆಳಗೆ ಸರಿಸಿ ಬೆರಳಿನಿಂದ ಸವರಿ ನೆಟ್ಟಗೆ ಮಾಡಿದ.

“ಬರೋಬರಿ ಆತೇನೋ?” ಎಂದು ಕೇಳಿದ. ಈ ಸಲ ರಾಜೀವನನ್ನಲ್ಲ.

ಅಕ್ರಮ್ ಹೆಗಲು ಅಲುಗಿಸಿ ನೋಡಿದ.

“ಬರೋಬರಿ ಆತು. ನಡಿ.”

ಆ ಹೊತ್ತಿಗೆ ಅಮೆರಿಕದಲ್ಲಿ ಲಂಬು ಗಿಡ್ಡರ ಆಟದ ಫೈಸಲಾ ಬಂದಿರಬೇಕು. ಸೋಲಾಪುರದವನ ಮೊಬೈಲು ಕಿಸೆಯಲ್ಲೇ ಇತ್ತು. ಗಿರಿಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದೆ ಹೆಜ್ಜೆ ಹಾಕಿದಳು. ಮುಂದೆ, ಹೊಸದಾಗಿ ಬಿತ್ತಿದ ಸೋಯಾ ಹೊಲಗಳ ನಡುವಿನ ದಾರಿಯಲ್ಲಿ, ಆ ಕಡೆ ಬಸವರಾಜ, ಈ ಕಡೆ ಅಕ್ರಮ್, ನಡುವೆ ಮಚ್ಚೇಂದ್ರ. ಚಟ್ಟ ಯಾವ ಕಡೆಗೂ ವಾಲದೆ ಸಾಗಿತು, ಒಂದು ಹೂವೂ ಜಾರಲಿಲ್ಲ.